ಕೊಲೆಗಾರ ಸಿಗದೆ ಮುಗಿಯುವ ಕ್ರೈಂ ಕಥೆ ಬರೆದಿದ್ದೇನೆ. ನಮ್ಮ ಜನ ಒಪ್ಪುತ್ತಾರಾ? ಇನ್ನೊಂದು ಕ್ಲೈಮ್ಯಾಕ್ಸ್ ಬರೆದಿಟ್ಟುಕೊಳ್ಳಲಾ?

'ಮೆಮೊರೀಸ್ ಆಫ್ ಮರ್ಡರ್' ನೋಡಿ ತಲೆ ಕೆಟ್ಟು ಬರೆಯೋಕೆ ಕೂತೆ ಅಂದಿದ್ದೀರಲ್ಲ, ಅದನ್ನು ಓದಿದಾಗಲೇ ನನಗೆ ಹೊಟ್ಟೆ ಕಲಸಿತು. 2012ರಲ್ಲಿ ನಾನೂ ಅದನ್ನೇ ಮಾಡಿದ್ದೆ.

ಮೆಜೆಸ್ಟಿಕ್ ಹತ್ತಿರದ ನ್ಯಾಷನಲ್ ಮಾರ್ಕೆಟ್‌ನಿಂದ ಡಿವಿಡಿ ತಂದು, ಶ್ರೀನಗರದ ಬಾಡಿಗೆ ರೂಮಿನಲ್ಲಿ ಒಂದೇ ವಾರ ನಾಲ್ಕು ಸಲ ನೋಡಿದೆ. ಕೊರಿಯಾದ ಡೈರೆಕ್ಟರ್ ಬಾಂಗ್ ಜೂನ್ ಹೋ 2003ರಲ್ಲಿ, ನಿಜವಾಗಿ ನಡೆದ ಕೊಲೆಗಳ ಮೇಲೆ ಮಾಡಿದ ಪಿಕ್ಚರ್. ಸಿಕ್ಕಸಿಕ್ಕವರನ್ನು ಬಡಿದು ಬಾಯಿ ಬಿಡಿಸುವ ಊರ ಪೊಲೀಸ್, ಕಾಗದ ಪತ್ರ ಸುಳ್ಳು ಹೇಳಲ್ಲ ಅಂತ ನಂಬಿದ ಸಿಯೋಲ್ ಪೊಲೀಸ್, ಆ ಮಳೆ. ಕೊನೆಗೆ ಆ ಊರ ಪೊಲೀಸ್ ಆಗಿರುವ ಸಾಂಗ್ ಕಾಂಗ್ ಹೋ ನೇರ ನಮ್ಮ ಕಣ್ಣಿಗೇ ಕಣ್ಣಿಟ್ಟು ನೋಡುವುದು. ನಿದ್ದೆ ಹಾರಿಹೋಗಿತ್ತು.

ಆಮೇಲೆ ಅಸಲಿ ಕೇಸಿನ ಬಗ್ಗೆ ಓದಿದೆ. ಕೊರಿಯಾದ ಹ್ವಾಸಿಯಾಂಗ್‌ನಲ್ಲಿ 1986ರಿಂದ 1991ರವರೆಗೆ ಹತ್ತು ಕೊಲೆ. ಆಗ ಅಲ್ಲಿ ಕೊಲೆ ಕೇಸಿಗೂ 15 ವರ್ಷದ ಗಡುವು ಇತ್ತು. 2006ಕ್ಕೆ ಕೊನೆಯ ಕೇಸಿನ ಗಡುವೂ ಮುಗಿಯಿತು. ಅಲ್ಲಿಂದಾಚೆ ಕೊಲೆಗಾರ ಎದುರಿಗೆ ಬಂದು ನಿಂತರೂ ಆ ಕೊಲೆಗಳಿಗೆ ಶಿಕ್ಷೆ ಕೊಡುವ ಹಾಗಿರಲಿಲ್ಲ.

ಇದು ಸಿಕ್ಕಿದ್ದೇ ನನ್ನ ಗ್ರಹಚಾರ. ಇಡೀ ಕಥೆಯನ್ನು ಆ ಗಡುವಿಗೆ ಗಂಟು ಹಾಕಿದೆ. 1997ರಲ್ಲಿ ಶ್ರೀರಾಮಪುರದಲ್ಲಿ ಒಂದು ಕೊಲೆ. ರಿಟೈರ್ ಆದ ಇನ್‌ಸ್ಪೆಕ್ಟರ್ ಹದಿನೈದು ವರ್ಷದ ಕೊನೆಯ ರಾತ್ರಿ ಹುಚ್ಚನಂತೆ ಅಲೆಯುತ್ತಾನೆ. ಹನ್ನೆರಡು ಹೊಡೆಯುತ್ತೆ. ಟೈಮ್ ಮುಗಿಯಿತು. ಅವನು ರೋಡಿನಲ್ಲಿ ಕುಸಿದು ಕೂತು ಅಳುತ್ತಾನೆ. 26 ನಿಮಿಷದ ಕಿರುಚಿತ್ರ. ಅಪ್ಪ ಚೀಟಿ ಎತ್ತಿ ಕೊಟ್ಟ ದುಡ್ಡೂ ಸೇರಿ 1,80,000 ರೂಪಾಯಿ ಹೋಯಿತು. ಮಳೆಗೇ ಎರಡು ಟ್ಯಾಂಕರ್ ನೀರು.

ಹನುಮಂತನಗರದಲ್ಲಿ ಚಿಕ್ಕ ಹಾಲ್ ಬಾಡಿಗೆಗೆ ಹಿಡಿದು ತೋರಿಸಿದೆವು. ಮುಗಿದ ಮೇಲೆ ಚಪ್ಪಾಳೆ. ನನ್ನ ಫ್ರೆಂಡ್‌ನ ಸೋದರಮಾವ, ಪೊಲೀಸ್ ಕೆಲಸದಿಂದ ರಿಟೈರ್ ಆದವರು, ಹಿಂದಿನ ಸಾಲಿನಿಂದ ಕೇಳಿದರು: 'ಅಲ್ಲಾ ಮರಿ, ಹನ್ನೆರಡು ಹೊಡೀತು ಅಂತ ಅವನ್ಯಾಕೆ ಅಳ್ತಾ ಕೂತ? ಬೆಳಿಗ್ಗೆ ಎದ್ದು ಹೋಗಿ ಹಿಡಿಸಬಹುದಲ್ವಾ?'

ಹಾಲ್ ಹಾಲೇ ನಕ್ಕಿತು.

ವಿಷಯ ಏನಪ್ಪಾ ಅಂದರೆ, ನಮ್ಮಲ್ಲಿ ಕೊಲೆಗೆ ಗಡುವೇ ಇಲ್ಲ. ಸಿಆರ್‌ಪಿಸಿ, ಅಂದರೆ ಹಳೇ ದಂಡ ಪ್ರಕ್ರಿಯಾ ಸಂಹಿತೆಯ 468ನೇ ಸೆಕ್ಷನ್ ನೋಡಿ. ಬರೀ ದಂಡದ ಅಪರಾಧಕ್ಕೆ ಆರು ತಿಂಗಳು, ಒಂದು ವರ್ಷದವರೆಗಿನ ಜೈಲು ಶಿಕ್ಷೆಯದ್ದಕ್ಕೆ ಒಂದು ವರ್ಷ, ಮೂರು ವರ್ಷದವರೆಗಿನದ್ದಕ್ಕೆ ಮೂರು ವರ್ಷ. ಅದಕ್ಕಿಂತ ದೊಡ್ಡದಕ್ಕೆ ಅಲ್ಲಿ ಗಡುವು ಹಾಕಿಲ್ಲ. 2024ರ ಜುಲೈಯಿಂದ ಬಂದ ಹೊಸ ಕಾನೂನಿನಲ್ಲಿ ಅದು 514ನೇ ಸೆಕ್ಷನ್, ಲೆಕ್ಕ ಅದೇ. ಕೊರಿಯಾದವರೂ 2007ರಲ್ಲಿ 25 ವರ್ಷ ಮಾಡಿ, 2015ರಲ್ಲಿ ಕೊಲೆಗೆ ಗಡುವನ್ನೇ ತೆಗೆದುಹಾಕಿದರು. ಯಾವ ವಕೀಲರನ್ನು ಕೇಳಿದ್ದರೂ ಎರಡು ನಿಮಿಷದಲ್ಲಿ ಹೇಳುತ್ತಿದ್ದರು. ನಾನು ಕೇಳಲಿಲ್ಲ. ಅದಕ್ಕಿಂತ ನಾಚಿಕೆಗೇಡಿನ ಮಾತು: ಆ ಮಾವನ ಮನೆಯಲ್ಲಿ ಐದು ವರ್ಷದಿಂದ ಊಟ ಮಾಡುತ್ತಿದ್ದೆ. ಸ್ಕ್ರಿಪ್ಟ್ ತೋರಿಸೋಣ ಅಂತ ಫ್ರೆಂಡ್ ಅಂದಾಗ, 'ಬೇಡ ಕಣೋ, ಹಳೇ ಕಾಲದವರು, ಕಥೆ ಕೆಡಿಸ್ತಾರೆ' ಅಂದಿದ್ದೆ. ಡಬ್ಬಿಂಗ್‌ನಲ್ಲಿ ಸರಿ ಮಾಡೋಣ ಅಂತ ಎಡಿಟಿಂಗ್‌ಗೆ ಕೂತೆವು. ಹದಿನಾಲ್ಕು ಶಾಟ್‌ನಲ್ಲಿ ಗಡಿಯಾರ. ಎಲ್ಲಿಂದ ಸರಿ ಮಾಡೋದು?

ಆ ದಿನ ಸಂಜೆ ಮಾವ ಬೈಟು ಕಾಫಿ ಕುಡಿಸಿ ಸಿ ರಿಪೋರ್ಟ್ ಬಗ್ಗೆ ಹೇಳಿದರು. ಅಪರಾಧ ನಡೆದದ್ದು ನಿಜ, ಮಾಡಿದವನು ಪತ್ತೆಯಿಲ್ಲ ಅಂತ ಕೋರ್ಟಿಗೆ ಕೊಡುವ ವರದಿ ಅದು. ಕೇಸೇ ಸುಳ್ಳು ಅಂತಾದರೆ ಬಿ ರಿಪೋರ್ಟ್. ಸಿ ಹಾಕಿದ ಮೇಲೂ ಹೊಸ ಸಾಕ್ಷಿ ಸಿಕ್ಕರೆ ಮತ್ತೆ ತನಿಖೆ ಮಾಡಬಹುದು. 'ನೀನು ತೋರಿಸಿದ ಹಾಗೆ ಒಂದು ರಾತ್ರಿಗೆ ಮುಗಿದಿದ್ರೆ ನಾವೂ ಅತ್ತು ಸುಮ್ನಾಗ್ತಿದ್ವಿ' ಅಂದರು. ಅವರ ಒಂದು ಕೇಸಿನಲ್ಲಿ, ಸತ್ತ ಹುಡುಗನ ತಾಯಿ ತಿಂಗಳಿಗೊಮ್ಮೆ ಸ್ಟೇಷನ್‌ಗೆ ಬರುತ್ತಿದ್ದರಂತೆ. ಬರುವಾಗಲೆಲ್ಲ ಒಂದು ಪೊಟ್ಟಣ ಕಡ್ಲೆಪುರಿ. 'ಬೇಡ ಅನ್ನೋಕೂ ಆಗ್ತಿರಲಿಲ್ಲ, ತಿನ್ನೋಕೂ ಆಗ್ತಿರಲಿಲ್ಲ. ಟ್ರಾನ್ಸ್‌ಫರ್ ಆದಾಗ ಆಯಮ್ಮನಿಗೆ ಹೇಳದೇ ಹೊರಟುಬಿಟ್ಟೆ.' ಕೊಲೆಗಾರ ಯಾರಿರಬಹುದು ಅನ್ನುವ ಮಾತನ್ನೇ ಅವರು ಎತ್ತಲಿಲ್ಲ.

ನನ್ನ 26 ನಿಮಿಷದಲ್ಲಿ ಅಂಥದ್ದು ಒಂದೂ ಇರಲಿಲ್ಲ. ವಿಸ್ಕಿ ಇತ್ತು. ಗೋಡೆ ಮೇಲೆ ಫೋಟೋ, ಕೆಂಪು ದಾರ ಇತ್ತು.

ಅದಕ್ಕೇ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ಕೊಲೆಗಾರ ಸಿಕ್ಕನೋ ಇಲ್ಲವೋ ಅನ್ನುವುದರ ಮೇಲೆ ಕಥೆ ನಿಂತಿರಲ್ಲ. ಹ್ವಾಸಿಯಾಂಗ್ ಕೊಲೆಗಾರ 2019ರಲ್ಲಿ ಡಿಎನ್‌ಎಯಿಂದ ಪತ್ತೆಯಾದ. ಹೆಂಡತಿಯ ತಂಗಿಯನ್ನು ಕೊಂದು 1994ರಿಂದಲೇ ಜೈಲಿನಲ್ಲಿದ್ದ. ಆ ಕೊಲೆಗಳಲ್ಲಿ ಒಂದನ್ನು ನೀನೇ ಮಾಡಿದ್ದು ಅಂತ ಪೊಲೀಸರು ಒಪ್ಪಿಸಿದ್ದ ಬೇರೊಬ್ಬ, ಸುಮಾರು 20 ವರ್ಷ ಜೈಲಿನಲ್ಲಿ ಕಳೆದಿದ್ದ. ಅವನು ನಿರಪರಾಧಿ ಅಂತ ತೀರ್ಪು ಬಂದದ್ದು 2020ರ ಡಿಸೆಂಬರ್‌ನಲ್ಲಿ. ಇಷ್ಟೆಲ್ಲ ಗೊತ್ತಾದ ಮೇಲೆ ಪಿಕ್ಚರನ್ನು ಮತ್ತೆ ನೋಡಿದೆ. ಸಪ್ಪೆ ಅನ್ನಿಸಲೇ ಇಲ್ಲ. ಮೊದಲು ನಗು ಬರುತ್ತಿದ್ದ ಒದೆ ಕೊಡುವ ಸೀನ್‌ಗಳಲ್ಲಿ ಈಗ ನಗು ಬರಲಿಲ್ಲ, ಅಷ್ಟೇ.

ಇನ್ನು ನಮ್ಮ ಜನ ಒಪ್ಪಲ್ಲ ಅನ್ನೋದು ಗಾಂಧಿನಗರದ ಹಳೇ ರಾಗ. 2019ರ 'ಕವಲುದಾರಿ'ಯಲ್ಲಿ ಹಳೇ ಕೇಸನ್ನು ಮನಸ್ಸಿಂದ ತೆಗೆಯಲಾಗದ ನಿವೃತ್ತ ಇನ್‌ಸ್ಪೆಕ್ಟರ್ ಆಗಿ ಅನಂತ್ ನಾಗ್ ಬಂದಾಗ ಯಾರು ಎದ್ದು ಹೋದರು? ಅಲ್ಲಿ ಕೇಸ್ ಬಗೆಹರಿಯುತ್ತೆ, ನಿಜ. ಆದರೆ ನನಗೆ ನೆನಪಿರುವುದು ಅದಲ್ಲ, ಆ ಮನುಷ್ಯ.

ಎರಡನೇ ಕ್ಲೈಮ್ಯಾಕ್ಸ್ ಬರೆಯಬೇಡಿ. ಮೊದಲನೆಯದನ್ನೂ ಸದ್ಯಕ್ಕೆ ಎತ್ತಿಡಿ. ನಿಮ್ಮ ಏರಿಯಾದಲ್ಲಿ ರಿಟೈರ್ ಆದ ಹೆಡ್ ಕಾನ್‌ಸ್ಟೇಬಲ್ ಯಾರಾದರೂ ಇದ್ದೇ ಇರುತ್ತಾರೆ, ಹೋಗಿ ಮಾತಾಡಿಸಿ. ಕೊಲೆಗಾರನ ಬಗ್ಗೆ ಕೇಳಬೇಡಿ. ಸಿ ರಿಪೋರ್ಟ್ ಹಾಕಿದ ಮೇಲೆ ಸ್ಟೇಷನ್‌ಗೆ ಯಾರು ಬರುತ್ತಿದ್ದರು ಅಂತ ಕೇಳಿ.

ನನ್ನ ಪಿಕ್ಚರ್ ಇನ್ನೂ ಹಾರ್ಡ್ ಡಿಸ್ಕ್‌ನಲ್ಲಿದೆ. ಬೇಕಾದರೆ ಕಳಿಸುತ್ತೇನೆ. ಗಡಿಯಾರ ಬಂದಾಗ ಮಾತ್ರ ನಗಬೇಡಿ.