ಜೇನಿನ ಮದ್ಯಕ್ಕೂ ಕಳ್ಳಭಟ್ಟಿಗೂ ಏನು ನಂಟು?

ಪ್ರಶ್ನೆ: ಮೇಡಂ, ಅಮೆರಿಕದಲ್ಲಿ ಕೆಲಸದಲ್ಲಿರುವ ನನ್ನ ಮಗ ಜೇನುತುಪ್ಪದಿಂದ ‘ಮೀಡ್’ ಅಂತ ಮದ್ಯ ಮಾಡಲು ಹೊರಟಿದ್ದಾನೆ. ವಿಡಿಯೊ ಕಾಲ್‌ನಲ್ಲಿ ಜಾಡಿ ಕೂಡ ತೋರಿಸಿದ. ಕಳ್ಳಭಟ್ಟಿ ಕುಡಿದು ಕಣ್ಣು ಕಳಕೊಂಡವರ ಸುದ್ದಿ ಓದಿದ ನನಗೆ ನಿದ್ದೆ ಇಲ್ಲ. ಸಾಲದ್ದಕ್ಕೆ ಊರಿನ ಜೇನು ಐದು ಕೆ.ಜಿ. ಕಳಿಸು ಅಂತಾನೆ. ಪೊಲೀಸರು ಹಿಡಿಯೋದಿಲ್ಲವೇ?
– ಒಬ್ಬ ತಾಯಿ, ವಿದ್ಯಾನಗರ, ದಾವಣಗೆರೆ

ಉತ್ತರ: ನೀವು ನಿದ್ದೆ ಮಾಡಿ ತಾಯಿ. ಕಣ್ಣು ತೆಗೆಯುವುದು ಮೆಥನಾಲ್ ಎಂಬ ವಿಷದ ಆಲ್ಕೋಹಾಲ್. ನಮ್ಮಲ್ಲಿ ಸಾವುನೋವಾಗುವುದು ಹೆಚ್ಚಾಗಿ ದುಡ್ಡಿನಾಸೆಗೆ ಕಾರ್ಖಾನೆಯ ಮೆಥನಾಲ್ ಬೆರೆಸುವುದರಿಂದ. ಮೀಡ್‌ನಲ್ಲಿ ಭಟ್ಟಿ ಇಳಿಸುವ ಮಾತೇ ಇಲ್ಲ. ಜೇನು, ನೀರು, ಯೀಸ್ಟ್, ಅಷ್ಟೇ. ಹಣ್ಣು ಹುಳಿಯುವಾಗ ಅದರಲ್ಲಿರುವ ಪೆಕ್ಟಿನ್ ಎಂಬ ನಾರಿನಂಶದಿಂದ ಒಂಚೂರು ಮೆಥನಾಲ್ ಹುಟ್ಟುತ್ತದೆ, ಜೇನಿನಲ್ಲಿ ಆ ಗೊಡವೆಯೂ ಇಲ್ಲವೆನ್ನಬಹುದು. ಮುಂದೆಂದಾದರೂ ‘ಇದನ್ನೇ ಭಟ್ಟಿ ಇಳಿಸ್ತೀನಿ’ ಎಂದರೆ ಮಾತ್ರ ಗದರಿಸಿ. ಅದು ಅಲ್ಲಿಯೂ ಅಪರಾಧ. ಮೀಡ್ ಹಾಗಲ್ಲ. ಒಬ್ಬ ವಯಸ್ಕ ತನ್ನ ಮನೆಬಳಕೆಗೆ ವರ್ಷಕ್ಕೆ 100 ಗ್ಯಾಲನ್‌ವರೆಗೆ ಮಾಡಿಕೊಳ್ಳಲು ಅಲ್ಲಿನ ಕೇಂದ್ರ ಕಾನೂನು ಬಿಡುತ್ತದೆ, ಮಾರುವಂತಿಲ್ಲ. ತನ್ನ ರಾಜ್ಯದ ನಿಯಮವನ್ನೂ ಅವನು ಒಮ್ಮೆ ನೋಡಿಕೊಳ್ಳಲಿ.

ನಿಜವಾಗಿ ಹೆದರಬೇಕಾದ್ದು ಜಾಡಿಯ ಮುಚ್ಚಳಕ್ಕೆ. ಯೀಸ್ಟ್ ಸಕ್ಕರೆ ತಿಂದು ಗಾಳಿ ಬಿಡುತ್ತದೆ. ಬಿಗಿಯಾಗಿ ಮುಚ್ಚಿದ ಗಾಜು ಸಿಡಿಯುತ್ತದೆ. ಬೇಸಿಗೆಯಲ್ಲಿ ದೋಸೆ ಹಿಟ್ಟು ಪಾತ್ರೆ ದಾಟಿ ಹರಿಯುವುದನ್ನು ನೋಡಿರುವ ನಿಮಗೆ ಬೇರೆ ವಿವರಣೆ ಬೇಕೆ? ಅಲ್ಲಿ ಏರ್‌ಲಾಕ್ ಅಂತ ನೀರು ತುಂಬಿದ ಸಣ್ಣ ಕೊಳವೆ ಸಿಗುತ್ತದೆ. ಗಾಳಿ ಹೊರಗೆ ಹೋಗುತ್ತದೆ, ಒಳಗೆ ಬರುವುದಿಲ್ಲ. ಅದನ್ನೇ ಸಿಕ್ಕಿಸಲಿ.

ಮೊದಲ ಸಲಕ್ಕೆ ಒಂದು ಗ್ಯಾಲನ್ ಸಾಕು, ಅಂದರೆ 3.8 ಲೀಟರ್. 1.1 ಕೆ.ಜಿ. ಜೇನನ್ನು ಉಗುರುಬೆಚ್ಚಗಿನ ನೀರಿನಲ್ಲಿ ಕರಗಿಸಿ, ಉಳಿದ ನೀರು ಸೇರಿಸಿ ಆ ಅಳತೆಗೆ ತರಬೇಕು. ಸಕ್ಕರೆ ಪೂರ್ತಿ ಹುದುಗಿದರೆ ಶೇ 11ರ ಆಸುಪಾಸಿನ ಆಲ್ಕೋಹಾಲ್ ಬರುತ್ತದೆ. ಜೇನನ್ನು ಕುದಿಸಬಾರದು, ಘಮ ಹೋಗಿಬಿಡುತ್ತದೆ. ಯೀಸ್ಟ್ 5 ಗ್ರಾಂ ಪೊಟ್ಟಣದ ಅರ್ಧ ಸಾಕು. ಬ್ರೆಡ್ಡಿನದ್ದು ಬೇಡ, ವೈನ್ ಯೀಸ್ಟೇ ಇರಲಿ. ಹೊಸಬರು ಎಡವುವುದು ಯೀಸ್ಟಿನ ಊಟದಲ್ಲಿ. ಜೇನಿನಲ್ಲಿ ಸಕ್ಕರೆ ಧಾರಾಳ, ಸಾರಜನಕ ಮಾತ್ರ ಇಲ್ಲವೆನ್ನುವಷ್ಟು ಕಡಿಮೆ. ಹಸಿದ ಯೀಸ್ಟ್ ಕೊಳೆತ ಮೊಟ್ಟೆಯ ವಾಸನೆ ಹೊರಡಿಸುತ್ತದೆ. ‘ಯೀಸ್ಟ್ ನ್ಯೂಟ್ರಿಯಂಟ್’ ಪುಡಿಯನ್ನು ಒಂದೇ ಸಲ ಸುರಿಯದೆ ಮೊದಲ ಕೆಲವು ದಿನಗಳಲ್ಲಿ ಹಂಚಿ ಹಾಕಲಿ. ಜಾಡಿ 18ರಿಂದ 20 ಡಿಗ್ರಿಯ ತಂಪಿನಲ್ಲಿರಲಿ, ಸೆಕೆ ಹೆಚ್ಚಾದರೆ ರುಚಿ ಒಗರಾಗಿ ಗಂಟಲು ಸುಡುತ್ತದೆ. ಗುಳ್ಳೆ ನಿಂತಿತೆಂದು ಬಾಟಲಿಗೆ ತುಂಬಬಾರದು. ದ್ರವದ ಸಾಂದ್ರತೆ ಅಳೆದು ಸಕ್ಕರೆ ಎಷ್ಟು ಉಳಿದಿದೆ ಎಂದು ಹೇಳುವ ಹೈಡ್ರೋಮೀಟರ್ ಎರಡು ವಾರ ಒಂದೇ ಅಂಕಿ ತೋರಿಸಲಿ. ಆಮೇಲೂ ತಿಂಗಳುಗಟ್ಟಲೆ ಇಟ್ಟಷ್ಟೂ ರುಚಿ.

ನಾನು ಕುಡಿಯುವವಳಲ್ಲ, ಸೂಕ್ಷ್ಮಜೀವಿಶಾಸ್ತ್ರ ಪಾಠ ಮಾಡಿದವಳು, ಯೀಸ್ಟಿನ ಮೇಲೆ ಪ್ರೀತಿ. ಅದಕ್ಕಿಂತ ಹೆಚ್ಚು ಪ್ರೀತಿ ಜೇನಿನ ಮೇಲೆ. ಕಲಿಯುವವನ ಜಾಡಿಗೆ ನಮ್ಮ ತುಡುವೆ ಜೇನು ಸುರಿಯುತ್ತಾರೆಂದರೆ ಹೊಟ್ಟೆ ಉರಿಯುತ್ತದೆ. ಕಳಿಸಬೇಡಿ. ಅಲ್ಲಿಯ ಅಂಗಡಿಯ ಕ್ಲೋವರ್ ಜೇನು ಧಾರಾಳವಾಯಿತು.

ಪ್ರಶ್ನೆ: ಅಡಿಕೆ ತೋಟದಲ್ಲಿ ಪೆಟ್ಟಿಗೆ ಇಟ್ಟಿದ್ದೇನೆ. ಮಳೆಗಾಲದಲ್ಲಿ ತೆಗೆದ ಜೇನು ಬಾಟಲಿಯಲ್ಲೇ ನೊರೆ ಎದ್ದು ಹುಳಿಯಾಗಿದೆ. ಇದನ್ನೇ ಮೀಡ್ ಮಾಡಿ ಮಾರಬಹುದೇ?
– ಓದುಗ, ಹೊಳಲ್ಕೆರೆ

ಉತ್ತರ: ಬೇಡಪ್ಪಾ. ಮೇಲಿನ ಉತ್ತರ ಅಮೆರಿಕದ ಹುಡುಗನಿಗೆ. ಇಲ್ಲಿ ಕರ್ನಾಟಕ ಅಬಕಾರಿ ಕಾಯ್ದೆ, 1965 ಇದೆ; ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವುದೇ ಅಪರಾಧ, ಮಾರುವುದು ಆಮೇಲಿನ ಮಾತು. ಪುಣೆ, ನಾಸಿಕ್‌ಗಳಲ್ಲಿ ಮೀಡ್ ತಯಾರಿಸುವವರು ಉದ್ಯಮವಾಗಿ ಮಾಡುತ್ತಿದ್ದಾರೆ. ನಿಮಗೆ ಅಷ್ಟು ಬಂಡವಾಳ, ತಾಳ್ಮೆ ಇದ್ದರೆ ಮೊದಲು ಅಬಕಾರಿ ಕಚೇರಿಗೆ ಹೋಗಿ ವಿಚಾರಿಸಿ.

ಇನ್ನು, ಹುಳಿದ ಜೇನಿನಿಂದ ಒಳ್ಳೆಯ ಮೀಡ್ ಆಗುತ್ತದೆಂಬುದೂ ಭ್ರಮೆ. ಅದರೊಳಗೆ ಯಾವ ಕಾಡು ಯೀಸ್ಟ್ ಕೂತಿದೆಯೋ ಯಾರಿಗೆ ಗೊತ್ತು! ನೀವು ಅವಸರಪಟ್ಟಿದ್ದೀರಿ. ಹುಳುಗಳು ಮೇಣದ ಮುಚ್ಚಳ ಹಾಕುವ ಮೊದಲೇ ತೆಗೆದರೆ, ಅದರಲ್ಲೂ ಮಳೆಯಲ್ಲಿ, ನೀರಿನಂಶ ಶೇ 20 ದಾಟುತ್ತದೆ. ಹುಳಿಯಲು ಅಷ್ಟು ಸಾಕು. ಜೇನಿನ ನೀರಿನಂಶ ಅಳೆಯುವ ರಿಫ್ರಾಕ್ಟೋಮೀಟರ್ ಒಂದು ಕೊಂಡುಕೊಳ್ಳಿ. ಈಗ ಕೈಲಿರುವುದನ್ನು ಬಿಸಿನೀರಿನ ಪಾತ್ರೆಯೊಳಗಿಟ್ಟು 65 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸಿ, ನೊರೆ ತೆಗೆದು, ಅಡುಗೆಗೆ ಬಳಸಿ ಬೇಗ ಮುಗಿಸಿ. ಜೇನುಹುಳುಗಳಿಗೆ ಮಾತ್ರ ವಾಪಸ್ ತಿನ್ನಿಸಬೇಡಿ, ಭೇದಿಯಾಗುತ್ತದೆ.

ಪ್ರಶ್ನೆ: ಸೂರ್ಯಕಾಂತಿ ಹೊಲದ ಜೇನು ತಂದ ಕೆಲವೇ ವಾರಕ್ಕೆ ಸಕ್ಕರೆಯಂತೆ ಗಟ್ಟಿಯಾಯಿತು. ಮೋಸ ಹೋದೆನೇ?
– ಓದುಗಿ, ಚಳ್ಳಕೆರೆ

ಉತ್ತರ: ಅಷ್ಟಕ್ಕೇ ಮೋಸ ಎನ್ನಲಾಗದು. ಸೂರ್ಯಕಾಂತಿ ಜೇನಿನಲ್ಲಿ ಗ್ಲೂಕೋಸ್ ಹೆಚ್ಚು, ಬೇಗ ಹರಳುಗಟ್ಟುತ್ತದೆ. ಬಾಟಲಿಯನ್ನು ಬಿಸಿನೀರಿನಲ್ಲಿಡಿ, ಕರಗುತ್ತದೆ. ಅಥವಾ ಹಾಗೆಯೇ ರೊಟ್ಟಿಗೆ ಸವರಿ ತಿನ್ನಿ, ನಾನು ತಿನ್ನುವುದು ಹಾಗೆಯೇ.