ಅಂಗಡಿಯ ಲೈಸೆನ್ಸ್ ರದ್ದಾಯಿತು, ಕೋವಿ ಅಲ್ಲೇ ಉಳಿಯಿತು

ಪ್ರಶ್ನೆ: ಚುನಾವಣೆ ಹೊತ್ತಿಗೆ ನನ್ನ 12 ಬೋರ್ ಜೋಡುನಳಿಗೆ ಕೋವಿಯನ್ನು ಬಂದೂಕಿನ ಅಂಗಡಿಯೊಂದರಲ್ಲಿ ಠೇವಣಿ ಇಟ್ಟಿದ್ದೆ. ಈಗ ಅಂಗಡಿಯ ಲೈಸೆನ್ಸೇ ರದ್ದಾಗಿದೆ. ಕೋವಿ ವಾಪಸ್ ಸಿಗುತ್ತದೆಯೇ? ಉಳಿದ ಮಾಲನ್ನು ಮನೆಗೆ ಒಯ್ದು ಅಗ್ಗಕ್ಕೆ ಕೊಡುತ್ತೇನೆ ಅನ್ನುತ್ತಿದ್ದಾರೆ ಮಾಲೀಕರು. ಕೊಳ್ಳಬಹುದೇ?
– ಓದುಗರು, ಜಯನಗರ, ಬೆಂಗಳೂರು

ಉತ್ತರ: ಕೊಳ್ಳಲೇಬೇಡಿ. ಲೈಸೆನ್ಸ್ ಹೋದ ದಿನದಿಂದ ಆ ಮಾಲು ಅವರ ಕೈಯಲ್ಲಿರುವುದೇ ಅಕ್ರಮ. 1959ರ ಶಸ್ತ್ರಾಸ್ತ್ರ ಕಾಯ್ದೆಯ 21ನೇ ಕಲಮಿನಂತೆ ತಡಮಾಡದೆ ಹತ್ತಿರದ ಠಾಣೆಗೋ ಲೈಸೆನ್ಸ್ ಇರುವ ಇನ್ನೊಬ್ಬ ಡೀಲರಿಗೋ ಒಪ್ಪಿಸಬೇಕು. ‘ಸ್ವಂತಕ್ಕೆ ಇಟ್ಟುಕೊಂಡೆ’ ಎಂಬ ಮಾತು ಇಲ್ಲಿ ನಡೆಯದು: 2019ರ ತಿದ್ದುಪಡಿಯ ನಂತರ ಸಾಮಾನ್ಯ ಲೈಸೆನ್ಸುದಾರನಿಗೆ ಎರಡೇ ಬಂದೂಕು, ಅದಕ್ಕೂ ಬೇರೆ ಲೈಸೆನ್ಸ್ ಬೇಕು. ಲೈಸೆನ್ಸಿಲ್ಲದೆ ಮಾರಿದರೆ ಕನಿಷ್ಠ 7 ವರ್ಷ ಜೈಲು. ಗೊತ್ತಿದ್ದೂ ಕೊಂಡವರ ಮೇಲೆ 29ನೇ ಕಲಂ ಬೀಳುತ್ತದೆ.

ಇನ್ನು ನಿಮ್ಮ ಕೋವಿ. ಅದು ಅಂಗಡಿಯ ಸ್ವತ್ತಲ್ಲ, ನಿಮ್ಮದೇ. ಆದರೆ ಹಾಗಂತ ಸಾಬೀತು ಮಾಡುವುದು ಠೇವಣಿ ರಸೀದಿ ಮತ್ತು ಕೋವಿಯ ನಂಬರ್. ಎಡವಟ್ಟಾಗುವುದೂ ಅಲ್ಲೇ. ಹಳೆಯ ಜೋಡುನಳಿಗೆಯಲ್ಲಿ ನಂಬರನ್ನು ಸಾಮಾನ್ಯವಾಗಿ ನಳಿಗೆ ಬಿಚ್ಚಿದಾಗ ಕಾಣುವ ಚಪ್ಪಟೆ ಭಾಗದಲ್ಲಿ ಕೊರೆದಿರುತ್ತಾರೆ. ಎಣ್ಣೆ, ಕಿಲುಬು ಕೂತು 1 ಎಂಬುದು 7ರಂತೆ, 3 ಎಂಬುದು 8ರಂತೆ ಕಾಣುತ್ತದೆ. ಗುಮಾಸ್ತ ತಪ್ಪಾಗಿ ಬರೆದುಕೊಂಡರೆ ಪಂಚನಾಮೆಯಲ್ಲಿ ಅದು ಬೇರೆ ಯಾರದೋ ಕೋವಿಯಾಗುತ್ತದೆ. ರಸೀದಿ, ಲೈಸೆನ್ಸ್, ಅಂಗಡಿಯ ಠೇವಣಿ ರಿಜಿಸ್ಟರ್, ಮೂರರಲ್ಲೂ ಒಂದೇ ನಂಬರ್ ಇದೆಯೇ ನೋಡಿ.

ಎಲ್ಲದರ ನಕಲು ಲಗತ್ತಿಸಿ ಇನ್‌ಫೆಂಟ್ರಿ ರಸ್ತೆಯ ಪೊಲೀಸ್ ಕಮಿಷನರ್ ಕಚೇರಿಗೆ ಅರ್ಜಿ ಕೊಡಿ. ನಗರದಲ್ಲಿ ಲೈಸೆನ್ಸ್ ಪ್ರಾಧಿಕಾರ ಅವರೇ. ಅಂಗಡಿಯ ವ್ಯಾಪ್ತಿಯ ಠಾಣೆಗೂ ಒಂದು ಪ್ರತಿ ಕೊಟ್ಟು ಮೊಹರು ಹಾಕಿಸಿಕೊಳ್ಳಿ. ಕೋವಿಯನ್ನು ನಿಮಗೆ ಬಿಟ್ಟುಕೊಡಬೇಕೋ ಬೇರೆ ಡೀಲರಿಗೆ ವರ್ಗಾಯಿಸಬೇಕೋ ಅರ್ಜಿಯಲ್ಲೇ ಬರೆಯಿರಿ. ತೋಟಾಗಳನ್ನೂ ಇಟ್ಟಿದ್ದರೆ ಎಷ್ಟೆಂದು ನಮೂದಿಸಿ, ಹೆಚ್ಚಿನವರು ಇದನ್ನು ಮರೆಯುತ್ತಾರೆ. ನಿಮ್ಮ ಲೈಸೆನ್ಸ್ ಅವಧಿ ಮುಗಿದಿದ್ದರೆ ಮೊದಲು ನವೀಕರಣ. ಅದಿಲ್ಲದೆ ಮನೆಗೆ ತಂದರೆ ನೀವೇ ಆರೋಪಿ.

ಅಂಗಡಿಗೆ ಬೀಗ ಬೀಳುವ ದಿನವೇ ರಿಜಿಸ್ಟರುಗಳೂ ಪೊಲೀಸರ ವಶವಾಗಬೇಕು ಅನ್ನುವುದು ನಮ್ಮ ಖಚಿತ ಅಭಿಪ್ರಾಯ. ವಾರ ಕಳೆದರೆ ಠೇವಣಿ ಕೋವಿ ಯಾವುದು, ಮಾರಾಟದ ಮಾಲು ಯಾವುದು ಎಂದು ಬಿಡಿಸುವುದೇ ಕಷ್ಟ. ಅರ್ಜಿಯಲ್ಲಿ ಈ ಮಾತನ್ನೂ ಸೇರಿಸಿ.

ಮುಟ್ಟುಗೋಲಿನ ನೋಟಿಸು ಬಂದರೆ ಕೈಸೇರಿದ 30 ದಿನದೊಳಗೆ ಲಿಖಿತ ಉತ್ತರ ಕೊಡಿ.