ಎರಡನೇ ಮಹಾಯುದ್ಧದ ಕಾಲದ ಅಮೆರಿಕನ್ ಮನೆಬದುಕನ್ನು ದಾಖಲಿಸಿದ, ಹೆಚ್ಚು ಹೆಸರಾಗದ ಛಾಯಾಗ್ರಾಹಕಿ ಯಾರು? ಚಿತ್ರಗಳು ಎಲ್ಲಿ ಸಿಗುತ್ತವೆ?

ಎಸ್ತರ್ ಬಬ್ಲಿ (Esther Bubley, 1921–1998). ಅಮೆರಿಕ ಸರ್ಕಾರದ ಯುದ್ಧ ಮಾಹಿತಿ ಕಚೇರಿಯಲ್ಲಿ, ಫೋಟೊ ತೊಳೆಯುವ ಡಾರ್ಕ್‌ರೂಮ್‌ನಲ್ಲಿ ಸಹಾಯಕಿಯಾಗಿದ್ದವರು. 1943ರಲ್ಲಿ ವಾಷಿಂಗ್ಟನ್ನಿನ ಬೋರ್ಡಿಂಗ್ ಹೌಸ್‌ಗಳಲ್ಲಿದ್ದ ನೌಕರಿಯ ಹುಡುಗಿಯರ ಫೋಟೊ ತೆಗೆದರು: ಹಂಚಿಕೊಂಡ ಕೋಣೆ, ರೇಡಿಯೊದಲ್ಲಿ ಪತ್ತೇದಾರಿ ನಾಟಕ ಕೇಳುವ ಸಂಜೆ. ಅದೇ ವರ್ಷ ಗ್ರೇಹೌಂಡ್ ಬಸ್ಸು ಹತ್ತಿ ಪ್ರಯಾಣಿಕರನ್ನೂ ದಾಖಲಿಸಿದರು. ಅದೇ ಕಾಲದ ಪ್ರಸಿದ್ಧ ಛಾಯಾಗ್ರಾಹಕಿ ಡೊರೊಥಿಯಾ ಲ್ಯಾಂಗ್ ಹೆಸರಿನ ಮುಂದೆ ಇವರು ಮಂಕಾದದ್ದು ಅನ್ಯಾಯವೇ ಸರಿ.

ಅಮೆರಿಕದ ರಾಷ್ಟ್ರೀಯ ಗ್ರಂಥಾಲಯವಾದ ಲೈಬ್ರರಿ ಆಫ್ ಕಾಂಗ್ರೆಸ್ ಜಾಲತಾಣದಲ್ಲಿ ಹೆಸರು ಹಾಕಿ ಹುಡುಕಿ. ಎಷ್ಟೋ ನೆಗೆಟಿವ್‌ಗಳಿಗೆ ಶೀರ್ಷಿಕೆಯೇ ಇಲ್ಲ, ಹಾಗಾಗಿ ಪದ ಹಾಕಿದರೆ ಅವು ಸಿಗದೇ ಹೋಗಬಹುದು. ಸಿಕ್ಕ ಒಂದು ಚಿತ್ರದ 'ಎಲ್‌ಸಿ-ಯುಎಸ್‌ಡಬ್ಲ್ಯು3' (LC-USW3) ಎಂದು ಶುರುವಾಗುವ ಗ್ರಂಥಾಲಯದ ಗುರುತು ಸಂಖ್ಯೆ ಹಿಡಿದು ಅಕ್ಕಪಕ್ಕದ ಸಂಖ್ಯೆಗಳನ್ನು ತೆರೆಯಿರಿ. ಅದೇ ಕೋಣೆಯ ಉಳಿದ ಫ್ರೇಮುಗಳು ಹೆಚ್ಚಾಗಿ ಅಲ್ಲೇ ಇರುತ್ತವೆ. ಮುದ್ರಣಕ್ಕೆ ಜೆಪೆಗ್ ಬೇಡ, ಹೆಚ್ಚು ವಿವರ ಉಳಿಸುವ ಟಿಫ್ (TIFF) ಕಡತ ಇಳಿಸಿಕೊಳ್ಳಿ. ಸರ್ಕಾರಿ ಕೆಲಸವಾದ್ದರಿಂದ ಅಮೆರಿಕದಲ್ಲಿ ಇವಕ್ಕೆ ಹಕ್ಕುಸ್ವಾಮ್ಯವಿಲ್ಲ. ಆದರೂ ಅವರ ಹೆಸರು ಹಾಕಿ.